ಉಣಕಲ್ ಕೆರೆಯ ಇಪ್ಪತ್ತೊಂದು ಮಂದಿ ನಾವಿಕರು

ನನಗೆ ಯಾವ ದುರಭ್ಯಾಸವೂ ಇಲ್ಲ ಎಂದು ಕಂಡಕಂಡವರ ಮುಂದೆ ಹೇಳಿಕೊಳ್ಳುವ ದುರಭ್ಯಾಸವೊಂದನ್ನು ಬಿಟ್ಟರೆ ನನಗಿರುವ ಚಟ ಒಂದೇ. ಅರ್ಜಿಯಲ್ಲಿ ಖಾಲಿ ಕಾಲಂ ಕಂಡರೆ ನನಗೆ ಸಹಿಸಲಾಗುವುದಿಲ್ಲ. ನಾಗಪುರದ ಒಂದು ಸರ್ಕಾರಿ ಕಚೇರಿಯ ರಜೆ ವಿಭಾಗದಲ್ಲಿ ಹನ್ನೊಂದು ವರ್ಷದಿಂದ ಹೆಡ್ ಕ್ಲಾರ್ಕ್ ಆಗಿ ಕೂತವನು ನಾನು. ಹುಬ್ಬಳ್ಳಿಯಿಂದ ವರ್ಗ ಮಾಡುವಾಗ ಎರಡೇ ವರ್ಷಕ್ಕೆ ವಾಪಸು ಕರೆಸಿಕೊಳ್ಳುತ್ತೇವೆ ಅಂದಿದ್ದರು. ವಾಪಸು ಹೋಗಲು ನಾನು ಬರೆದ ಅರ್ಜಿಯಲ್ಲಿ ಒಂದು ಕಾಲಮ್ಮೂ ಖಾಲಿ ಇರಲಿಲ್ಲ, ಆದರೂ ಅದು ಎಲ್ಲಿ ಹೋಯಿತೋ ಇವತ್ತಿಗೂ ಪತ್ತೆಯಿಲ್ಲ. ಆ ಸಿಟ್ಟನ್ನು ನಾನು ಊರ ಮಂದಿಯ ಅರ್ಜಿಗಳ ಮೇಲೆ ತೀರಿಸಿಕೊಂಡೆ ಅಂತ ನನ್ನ ಹೆಂಡತಿ ಹೇಳುತ್ತಾಳೆ. ಒಂದು ಕಾಲಂ ಬಿಟ್ಟುಹೋಗಿದ್ದರೂ ಕೆಂಪು ಶಾಯಿಯಲ್ಲಿ 'ಕಾಲಂ ಅಪೂರ್ಣ. ತುಂಬಿ ಮತ್ತೆ ಸಲ್ಲಿಸುವುದು' ಎಂದು ಬರೆದು ಹಿಂದಕ್ಕೆ ಕಳಿಸುವುದು ನನ್ನ ಪದ್ಧತಿ. ತುಂಬಲು ಏನೂ ಇಲ್ಲವಾದರೆ 'ನಿಲ್' ಅಂತಾದರೂ ಬರೆಯಬೇಕು. ಪಕ್ಕದ ವಿಭಾಗದ ವಾಂಖೇಡೆ ತನ್ನ ಮದುವೆಗೆಂದು ರಜೆ ಕೇಳಿದಾಗ 'ರಜೆಯ ಕಾರಣ' ಎಂಬ ಕಾಲಂ ಬಿಟ್ಟಿದ್ದ. ಜತೆಗೆ ಲಗ್ನಪತ್ರಿಕೆ ಲಗತ್ತಿಸಿದ್ದನೆನ್ನಿ, ಆದರೆ ಲಗ್ನಪತ್ರಿಕೆ ಕಾಲಂ ಅಲ್ಲ. ನಾನು ವಾಪಸು ಕಳಿಸಿದೆ. ಅವನು ಅರಿಶಿನ ಹಚ್ಚಿಕೊಂಡ ಕೈಯಲ್ಲಿಯೇ ಓಡಿಬಂದು ಕಾರಣ ಬರೆದುಹೋದ. ಆ ಅರ್ಜಿ ಇನ್ನೂ ನಮ್ಮ ಫೈಲಿನಲ್ಲಿದೆ, ಹಳದಿ ಬೆರಳಚ್ಚು ಸಮೇತ.

ಇದರಿಂದ ನನಗೆ ಕಚೇರಿಯಲ್ಲಿ ಒಂದು ಗೌರವವೂ ಬಂದಿತ್ತು. ಯಾವ ಹೊಸ ಫಾರಂ ಬಂದರೂ ಮೊದಲು ಪಾಟೀಲ ಸಾಹೇಬರು ತುಂಬಬೇಕು, ಅದನ್ನು ನೋಟೀಸ್ ಬೋರ್ಡಿಗೆ ಚುಚ್ಚಬೇಕು, ಉಳಿದವರೆಲ್ಲ ಅದನ್ನು ನಮೂನೆಯಾಗಿ ಇಟ್ಟುಕೊಂಡು ತಮ್ಮದನ್ನು ತುಂಬಬೇಕು. ಹಾಗೆ ಮಾಡಿದರೆ ವಾಪಸು ಬರುವ ಭಯವಿಲ್ಲ. ಪಾಟೀಲ ಸಾಹೇಬರೆಂದರೆ ನಾನೇ.

ಹೀಗಿರುವಾಗ ಒಂದು ಮಳೆಗಾಲದ ಕೊನೆಯಲ್ಲಿ ನಮ್ಮ ಕಚೇರಿಯ ಮನರಂಜನಾ ಕ್ಲಬ್ಬಿಗೆ ಒಂದು ಹುಚ್ಚು ಹತ್ತಿತು. ಅದರ ಕಾರ್ಯದರ್ಶಿ ಇದೇ ವಾಂಖೇಡೆ. ಪ್ರತಿ ವರ್ಷ ಪಕ್ಕದ ರಾಮಟೇಕಿಗೆ ಹೋಗಿ ವಡೆ ತಿಂದು ಬರುವುದು ಸಾಕಾಯಿತು, ಈ ದೀಪಾವಳಿಗೆ ಕುಟುಂಬ ಸಮೇತ ಫಾರಿನ್ನಿಗೆ ಹೋಗೋಣ, ಅದೂ ಬಸ್ಸಿನಲ್ಲಿ ಕೂತು ಕಿಟಕಿಯಿಂದ ನೋಡುವ ಪ್ರವಾಸವಲ್ಲ, ಮೈಮುರಿಯುವ ಪ್ರವಾಸ ಎಂದು ಅವನು ಸಾರಿದ. ಗುಡ್ಡ ಹತ್ತುವುದು, ಸೈಕಲ್ ತುಳಿಯುವುದು, ಕೊನೆಗೆ ಕಯಾಕ್ ಎಂಬ ಕಿರಿದಾದ ದೋಣಿಯಲ್ಲಿ ಇಬ್ಬಿಬ್ಬರು ಕೂತು ಸರೋವರದಲ್ಲಿ ಹುಟ್ಟು ಹಾಕುವುದು. ಫಾರಿನ್ ಎಂದರೆ ನೇಪಾಳ. ಪಾಸ್‌ಪೋರ್ಟ್ ಬೇಡದ ದೇಶ ಫಾರಿನ್ ಹೇಗಾದೀತು ಎಂದು ನಾನು ಮನೆಯಲ್ಲಿ ವಾದ ಹೂಡಿದೆ.

"ಅಲ್ಲಿ ಬ್ಯಾರೆ ರಾಜ ಇದ್ದಾನಿಲ್ಲೋ?" ಎಂದಳು ನನ್ನ ಹೆಂಡತಿ ಸುಮಿತ್ರಾ.

"ಇದ್ದಾನ."

"ಬ್ಯಾರೆ ರಾಜ ಇದ್ದ ಮ್ಯಾಲೆ ಫಾರಿನ್ನೇ. ಸುಮ್ಮನ ಫಾರಂ ತುಂಬ್ರಿ."

ನನ್ನ ವಾದದ ಹಿಂದೆ ಇದ್ದದ್ದು ರಾಜನೀತಿಯಲ್ಲ, ಭಯ. ಇಲ್ಲಿ ನಾನೊಂದು ಗುಟ್ಟು ಹೇಳಬೇಕು. ನನಗೆ ಸೈಕಲ್ ಬರುವುದಿಲ್ಲ. ಎಂಟನೆಯ ವಯಸ್ಸಿನಲ್ಲಿ ಬಾಡಿಗೆ ಸೈಕಲ್ ಹತ್ತಿ, ಓಣಿಯಲ್ಲಿ ಒಣಹಾಕಿದ್ದ ಸಂಡಿಗೆಯ ಮೇಲೆ ಬಿದ್ದು, ಸಂಡಿಗೆಯ ಒಡತಿಯಿಂದ ನನ್ನ ಮೂರು ತಲೆಮಾರಿನ ವಿಚಾರ ಕೇಳಿಸಿಕೊಂಡವನು ಮತ್ತೆ ಪೆಡಲಿನ ಮೇಲೆ ಕಾಲಿಡಲಿಲ್ಲ. ಇಷ್ಟೇ ಆಗಿದ್ದರೆ ಚಿಂತೆಯಿರಲಿಲ್ಲ. ಸುಮಿತ್ರಾಳನ್ನು ನೋಡಲು ಹೋದಾಗ ಅವಳ ಅಪ್ಪ, "ಹುಡುಗಗ ಏನೇನು ಬರತೈತಿ?" ಅಂತ ಕೇಳಿಬಿಟ್ಟರು. ಹಾಡು ಬರುವುದಿಲ್ಲ, ಈಜು ಬರುವುದಿಲ್ಲ, ಹೊಲದ ಕೆಲಸ ಬರುವುದಿಲ್ಲ. ಕಾಲಂ ಖಾಲಿ ಬಿಡುವುದು ನನ್ನ ಸ್ವಭಾವವಲ್ಲ. "ಸೈಕಲ್ ಚಲೋ ಹೊಡೀತೀನ್ರಿ. ಹುಬ್ಬಳ್ಳಿಯಿಂದ ಧಾರವಾಡಕ್ಕ ದಿನಾ ಸೈಕಲ್ ಮ್ಯಾಲೆ ಕಾಲೇಜಿಗೆ ಹೋಗ್ತಿದ್ದೆ" ಎಂದುಬಿಟ್ಟೆ. ಹೋಗುತ್ತಿದ್ದದ್ದು ಬಸ್ಸಿನಲ್ಲಿ. ಬಸ್ಸಿನ ಕಿಟಕಿಯಿಂದ ಸೈಕಲ್ಲಿನವರನ್ನು ನೋಡಿ ಅಯ್ಯೋ ಪಾಪ ಅಂದುಕೊಳ್ಳುತ್ತಿದ್ದೆ. ಮಾವನವರಿಗೆ ಬಹಳ ಖುಷಿಯಾಯಿತು. ಹುಡುಗ ಗಟ್ಟಿಯಾಗಿದ್ದಾನೆ ಎಂದು ಮಗಳನ್ನು ಕೊಟ್ಟರು. ಮದುವೆಯಾಗಿ ಹದಿನೇಳು ವರ್ಷ. ಆ ಸುಳ್ಳನ್ನು ನಾನು ಹದಿನೇಳು ವರ್ಷ ಮಗುವಿನಂತೆ ಸಾಕಿದ್ದೆ. ಸೈಕಲ್ಲುಗಳ ಊರಾದ ನಾಗಪುರದಲ್ಲಿ ಅದನ್ನು ಸಾಕುವುದು ಸುಲಭವಲ್ಲ. ರಾಮದಾಸಪೇಠಿನ ಡಾಕ್ಟರೊಬ್ಬರು ಹೊಟ್ಟೆಯುರಿಗೆ ಹದಿನೈದು ದಿನ ನಡೆಯಿರಿ ಎಂದಿದ್ದರು. ಆ ಚೀಟಿಯ ಬಲದಿಂದ ಹನ್ನೊಂದು ವರ್ಷ ಕಚೇರಿಗೆ ನಡೆದೇ ಹೋದೆ.

ಫಾರಂ ಬಂತು. ಊಟದ ಮೇಜಿನ ಮೇಲೆ ಹರಡಿಕೊಂಡು ಕೂತೆ. ಬೆನ್ನ ಹಿಂದೆ ಸುಮಿತ್ರಾ, ಎದುರಿಗೆ ಹದಿನಾಲ್ಕು ವರ್ಷದ ಮಗಳು ವಿದ್ಯಾ. ಮೊದಲ ಕಾಲಂ: 'ಗುಡ್ಡ ಹತ್ತಿದ ಅನುಭವ.' ನಾಗಪುರದ ಸೆಮಿನರಿ ಹಿಲ್ಸ್ ಎಂದು ಬರೆದೆ. ಅದು ನಿಜ. ಎರಡನೆಯದು: 'ಸೈಕಲ್ ಅನುಭವ, ಎಷ್ಟು ವರ್ಷ?' ನಿಲ್ ಎಂದು ಬರೆಯಬಹುದಿತ್ತು. ಆದರೆ ಹೆಂಡತಿಯ ಉಸಿರು ನನ್ನ ಕಿವಿಗೆ ತಾಕುತ್ತಿತ್ತು. 'ಹದಿನೇಳು' ಎಂದು ಬರೆದೆ. ಅದೇಕೆ ಹದಿನೇಳು ಎಂದು ಕೇಳಬೇಡಿ, ಸುಳ್ಳಿನ ವಯಸ್ಸು ಅಷ್ಟಾಗಿತ್ತು. ಮೂರನೆಯದು: 'ದೋಣಿ ನಡೆಸಿದ ಅನುಭವ, ಎಲ್ಲಿ?' ಒಂದು ಸುಳ್ಳಿಗೆ ಕೈ ಪಳಗಿದ ಮೇಲೆ ಎರಡನೆಯದು ತಾನಾಗಿಯೇ ಬರುತ್ತದೆ. 'ಬಾಲ್ಯದಿಂದಲೂ. ಉಣಕಲ್ ಕೆರೆ, ಹುಬ್ಬಳ್ಳಿ' ಎಂದು ಬರೆದೆ. ಬಾಲ್ಯದಲ್ಲಿ ಉಣಕಲ್ ಕೆರೆಯ ದಂಡೆಯ ಮೇಲೆ ಕೂತು ಶೇಂಗಾ ತಿಂದದ್ದು ಮಾತ್ರ ಸತ್ಯ.

"ಮತ್ತ ನನ್ನ ಫಾರಂ?" ಎಂದಳು ಸುಮಿತ್ರಾ.

"ನಿಂದೂ ತುಂಬಿ ಕೊಡ್ತೀನಿ, ನೀ ಸಹಿ ಮಾಡು" ಎಂದು ಅವಳದನ್ನು ಎರಡೇ ನಿಮಿಷದಲ್ಲಿ ಮುಗಿಸಿದೆ. ಗುಡ್ಡ, ನಿಲ್. ಸೈಕಲ್, ನಿಲ್. ದೋಣಿ, ನಿಲ್. ಅವಳು ಕಣ್ಣಾಡಿಸಿದಳು, ನನ್ನ ಮುಖ ನೋಡಿದಳು, ಸಹಿ ಹಾಕಿದಳು. ವಿದ್ಯಾ, "ಪಪ್ಪಾ, ನಾ ನಿಮ್ಮದ ಬಘೂನ್ ಬರಕೋತೀನಿ" ಎಂದು ಮರಾಠಿ ಬೆರೆಸಿ ಹೇಳಿ ನನ್ನದನ್ನು ನೋಡಿಕೊಂಡು ತನ್ನದನ್ನು ತುಂಬಿದಳು. ಮರುದಿನ ನನ್ನ ಫಾರಂ ರೂಢಿಯಂತೆ ನೋಟೀಸ್ ಬೋರ್ಡ್ ಏರಿತು.

ವಾರದೊಳಗೆ ವಾಂಖೇಡೆ ನನ್ನ ಮೇಜಿಗೆ ಬಂದ. "ಪಾಟೀಲ್ ಸಾಹೇಬ, ತುಮ್ಹೀಚ ಕ್ಯಾಪ್ಟನ್," ನೀವೇ ಕ್ಯಾಪ್ಟನ್, ಎಂದು ಕೊರಳಿಗೆ ಒಂದು ಸೀಟಿ ಹಾಕಿದ. ಎಲ್ಲರ ಫಾರಮ್ಮಿಗೂ ಮೊದಲು ನನ್ನದೇ ಬಂದಿತ್ತು, ಎಲ್ಲ ಕಾಲಮ್ಮಿನಲ್ಲೂ ಅನುಭವ ತುಂಬಿ ತುಳುಕುತ್ತಿತ್ತು, ಇನ್ನಾರನ್ನು ಮಾಡಲಿ ಎಂದ. ಹೊರಡುವವರೆಗೆ ಪ್ರತಿ ಭಾನುವಾರ ಬೆಳಿಗ್ಗೆ ಅಂಬಾಝರಿ ಕೆರೆಯ ಹತ್ತಿರ ಸೈಕಲ್ ಅಭ್ಯಾಸ, ಕ್ಯಾಪ್ಟನ್ ಮುಂದಾಳತ್ವ ವಹಿಸಬೇಕು. ನನ್ನ ಹೊಟ್ಟೆಯುರಿ ಆ ಕ್ಷಣವೇ ಮರಳಿ ಬಂತು. ಇಪ್ಪತ್ತೆರಡು ಮಂದಿಯ ತಂಡದ ಮುಂದೆ, ಅದರಲ್ಲೂ ಹೆಂಡತಿ ಮಗಳ ಮುಂದೆ, ಸಂಡಿಗೆಯ ಮೇಲೆ ಬಿದ್ದಂತೆ ಬಿದ್ದರೆ ಹದಿನೇಳು ವರ್ಷದ ಮರ್ಯಾದೆ ಏನಾಗಬೇಕು? ಮಾವನವರು ಬೇರೆ ಗಟ್ಟಿಮುಟ್ಟಾಗಿ ಬದುಕಿದ್ದರು.

ಆದರೆ ಮನುಷ್ಯನನ್ನು ದೇವರು ಪೂರ್ತಿ ಕೈಬಿಡುವುದಿಲ್ಲ. ಕ್ಯಾಪ್ಟನ್ ಆದವನು ಸೈಕಲ್ ತುಳಿಯಬೇಕಾಗಿಯೇ ಇಲ್ಲ, ಸೀಟಿ ಊದಿದರೆ ಸಾಕು ಎಂಬುದನ್ನು ನಾನು ಮೊದಲ ಭಾನುವಾರವೇ ಕಂಡುಕೊಂಡೆ. ನೆರೆಮನೆಯವರ ಸೈಕಲ್ ಎರವಲು ತಂದು, ಅದನ್ನು ತಳ್ಳಿಕೊಂಡು ಅಂಬಾಝರಿಗೆ ನಡೆದುಹೋಗುತ್ತಿದ್ದೆ. ದಾರಿಯಲ್ಲಿ ಯಾರಾದರೂ ಸಿಕ್ಕರೆ "ಚೈನು ಬಿಚ್ಚಿಕೊಂಡಿದೆ" ಎನ್ನುತ್ತಿದ್ದೆ. ಸೈಕಲ್ ತಳ್ಳುವವನನ್ನು ನೋಡಿ ಯಾರೂ ಇವನಿಗೆ ಸೈಕಲ್ ಬರುವುದಿಲ್ಲ ಅಂದುಕೊಳ್ಳುವುದಿಲ್ಲ, ಪಂಕ್ಚರ್ ಆಗಿರಬೇಕು ಅಂದುಕೊಳ್ಳುತ್ತಾರೆ. ಮನುಷ್ಯರ ಈ ಒಳ್ಳೆಯತನದ ಮೇಲೆ ನಾನು ನಾಲ್ಕು ಭಾನುವಾರ ಬದುಕಿದೆ. ಅಲ್ಲಿ ಮುಟ್ಟಿದ ಮೇಲೆ ಸೈಕಲ್ಲನ್ನು ಮರಕ್ಕೆ ಒರಗಿಸಿ, ಸೊಂಟದ ಮೇಲೆ ಕೈಯಿಟ್ಟು, "ಬೆನ್ನು ನೇರ ಇಡಿ," "ಎದುರು ನೋಡಿ," "ಬ್ರೇಕ್ ಹಳೂ ಹಿಡಿಯಿರಿ" ಎಂದು ಕೂಗುವುದು. ನನ್ನ ತರಬೇತಿ ಬಹಳ ಚೆನ್ನಾಗಿದೆ ಎಂದು ವಾಂಖೇಡೆಯ ಅತ್ತೆಯೇ ಹೊಗಳಿದರು. ಅರವತ್ತರ ಆ ಹೆಂಗಸು ಕಚ್ಚೆ ಸೀರೆಯುಟ್ಟು ಸೈಕಲ್ಲಿನ ಮೇಲೆ ಕೆರೆ ಸುತ್ತಿ ಬರುತ್ತಿದ್ದರು. ನಾನು ಅವರಿಗೆ "ಬರೋಬರ್, ಬರೋಬರ್" ಎನ್ನುತ್ತಿದ್ದೆ. ಮೂರೂ ಕಾಲಮ್ಮಿನಲ್ಲಿ ನಿಲ್ ಇದ್ದ ಸುಮಿತ್ರಾಳಿಗೆ ಅಭ್ಯಾಸವಿರಲಿಲ್ಲ. ಅವಳು ಮನೆಯಲ್ಲಿಯೇ ಉಳಿದು, ಭಾನುವಾರ ಮಧ್ಯಾಹ್ನ ನನ್ನ ಪ್ಯಾಂಟಿನ ಜಿಡ್ಡಿನ ಕಲೆ ತೊಳೆಯುತ್ತಿದ್ದಳು.

ಕೊನೆಗೆ ಹೊರಟೆವು. ಗೋರಖಪುರದವರೆಗೆ ರೈಲು, ಅಲ್ಲಿಂದ ಗಡಿ, ಅಲ್ಲಿಂದ ಕಾಠ್ಮಂಡು. ಅಲ್ಲಿ ನಮ್ಮನ್ನು ಎದುರುಗೊಂಡ ಗೈಡ್ ಗುರುಂಗ್ ಬಹಳ ವಿನಯದ ಮನುಷ್ಯ. ಲಾಡ್ಜಿನ ವರಾಂಡದಲ್ಲಿ ನಮ್ಮ ಫಾರಮ್ಮುಗಳ ಕಟ್ಟು ಬಿಚ್ಚಿ ಒಂದೊಂದಾಗಿ ಓದತೊಡಗಿದ. ಓದುತ್ತ ಓದುತ್ತ ಅವನ ಹುಬ್ಬು ಮೇಲೇರಿತು. ನಂತರ ಕೈಮುಗಿದು ಹಿಂದಿಯಲ್ಲಿ ಕೇಳಿದ: "ಸಾಹೇಬ್, ಈ ಹುಬ್ಬಳ್ಳಿ ಸಮುದ್ರದ ದಂಡೆಯ ಮೇಲಿದೆಯೇ?" ನಾನು ಫಾರಮ್ಮುಗಳನ್ನು ಇಸಿದುಕೊಂಡು ನೋಡಿದೆ. ವಾಂಖೇಡೆಗೆ ಸೈಕಲ್ ಅನುಭವ ಹದಿನೇಳು ವರ್ಷ, ದೋಣಿಯ ಅನುಭವ ಬಾಲ್ಯದಿಂದಲೂ, ಉಣಕಲ್ ಕೆರೆ, ಹುಬ್ಬಳ್ಳಿ. ಅವನ ಅತ್ತೆಗೆ ಹದಿನೇಳು ವರ್ಷ, ಉಣಕಲ್ ಕೆರೆ, ಹುಬ್ಬಳ್ಳಿ. ಹದಿನಾಲ್ಕು ವರ್ಷದ ನನ್ನ ಮಗಳಿಗೂ ಸೈಕಲ್ ಅನುಭವ ಹದಿನೇಳು ವರ್ಷ. ವಿದರ್ಭದಿಂದಾಚೆ ಕಾಲಿಡದ ಕುಟುಂಬಗಳು ಹುಬ್ಬಳ್ಳಿಯ ಕೆರೆಯಲ್ಲಿ ಬಾಲ್ಯ ಕಳೆದಿದ್ದವು. ಇಪ್ಪತ್ತೆರಡರಲ್ಲಿ ಇಪ್ಪತ್ತೊಂದು ಮಂದಿ ಉಣಕಲ್ ಕೆರೆಯ ನಾವಿಕರು. ಯಾರ ಫಾರಮ್ಮಿನಲ್ಲೂ ಒಂದೂ ಕಾಲಂ ಖಾಲಿ ಇರಲಿಲ್ಲ.

ನಾನು ವಾಂಖೇಡೆಯನ್ನು ಪಕ್ಕಕ್ಕೆ ಕರೆದು ಗದರಿದೆ. "ನೀವೇ ಅಲ್ಲವೇ ನಮೂನೆ ಹಾಕಿದ್ದು? ಬೇರೆ ಬರೆದರೆ ನೀವು ವಾಪಸು ಕಳಿಸುತ್ತೀರಿ" ಎಂದ. ಗುರುಂಗನಿಗೆ ನಾನು, "ಹುಬ್ಬಳ್ಳಿ ಸ್ವಲ್ಪ ಒಳಗಡೆ ಬರುತ್ತದೆ" ಎಂದಷ್ಟೇ ಹೇಳಿದೆ. ಅವನು ಪರಿಣತರ ತಂಡ ಬಂದಿದೆಯೆಂದು ಖುಷಿಯಿಂದ ಎಲ್ಲ ದಾರಿಗಳನ್ನೂ ಕಠಿಣ ಮಾಡಿದ.

ಮೊದಲ ದಿನ ಗುಡ್ಡ. ಅಲ್ಲಿ ನಾನು ನಿಜವಾಗಿ ಗೆದ್ದೆ. ಹನ್ನೊಂದು ವರ್ಷ ಕಚೇರಿಗೆ ನಡೆದ ಕಾಲುಗಳು ಇವು. ಇಡೀ ಪ್ರವಾಸದಲ್ಲಿ ನಾನು ಪ್ರಾಮಾಣಿಕನಾಗಿದ್ದ ದಿನ ಅದೊಂದೇ. ಎರಡನೆಯ ದಿನ ಸೈಕಲ್. ನಾಗಪುರದವರಾದ್ದರಿಂದ ಉಳಿದವರೆಲ್ಲ ಸೈಕಲ್ಲಿನ ಮೇಲೆ ಹಾರಿ ಕೂತು ಭಕ್ತಪುರದ ಕಡೆ ಹೊರಟೇಬಿಟ್ಟರು. ಕ್ಯಾಪ್ಟನ್ ಎಲ್ಲರಿಗಿಂತ ಹಿಂದೆ ಬರುತ್ತಾನೆ, ಬಿದ್ದವರನ್ನು ಎತ್ತಲು, ಎಂದು ನಾನು ಘೋಷಿಸಿದೆ. ಎಂಟು ಮೈಲಿ ಸೈಕಲ್ ತಳ್ಳಿಕೊಂಡು ನಡೆದೆ. ದಾರಿಯಲ್ಲಿ ಊಟದ ಡಬ್ಬಿಗಳನ್ನು ತುಂಬಿಕೊಂಡ ಟೆಂಪೋ ನನ್ನನ್ನು ದಾಟಿತು. ಅದರೊಳಗೆ ಡಬ್ಬಿಗಳ ನಡುವೆ ಸುಮಿತ್ರಾ ಕೂತಿದ್ದಳು, ನಿಲ್ ಇದ್ದವರಿಗೆ ಸೈಕಲ್ ಇರಲಿಲ್ಲವಲ್ಲ. ಕೈಬೀಸಿದೆ, ಚೈನು ತೋರಿಸಿ ತಲೆಯಾಡಿಸಿದೆ. ಅವಳೂ ತಲೆಯಾಡಿಸಿದಳು. ನನ್ನ ಹೆಂಡತಿಯಷ್ಟು ಮುಗ್ಧೆ ಬೇರೆ ಇಲ್ಲವೆಂದು ನನಗೆ ಸ್ವಲ್ಪ ಕರುಣೆಯೂ ಬಂತು.

ಕೊನೆಯದು ಪೋಖರಾದ ಸರೋವರ. ದಂಡೆಯ ಮೇಲೆ ಹನ್ನೊಂದು ಕಯಾಕುಗಳು ಸಾಲಾಗಿ ಮಲಗಿದ್ದವು. ಇಬ್ಬಿಬ್ಬರು ಕೂರಬೇಕು. ಇಪ್ಪತ್ತೊಂದು ಮಂದಿ ನಾವಿಕರು ಜೋಡಿಯಾದ ಮೇಲೆ ಒಬ್ಬರು ಉಳಿದರು. ಕ್ಯಾಪ್ಟನ್. ಹಿಂದೆ ಒಬ್ಬರೇ ಕೂತರೆ ದೋಣಿಯ ಮೂತಿ ಮೇಲೇಳುತ್ತದೆ, ಮುಂದೆ ಯಾರಾದರೂ ಕೂರಲೇಬೇಕು ಎಂದ ಗುರುಂಗ್. ಸುಮಿತ್ರಾ ದಂಡೆಯ ಮೇಲೆ ನಮ್ಮೆಲ್ಲರ ಚಪ್ಪಲಿ ಕಾಯುತ್ತಿದ್ದಳು. ಅವಳನ್ನೇ ಕರೆದೆ. ತೂಕಕ್ಕೆ ಒಂದು ಚೀಲ ಅಕ್ಕಿ ಇದ್ದರೂ ಆಗುತ್ತಿತ್ತು ಎನ್ನುವ ಧಾಟಿಯಲ್ಲಿಯೇ ಕರೆದೆ ಅನ್ನಿಸುತ್ತದೆ.

"ಸುಮ್ಮನ ಕೂಡು, ಅಲುಗಾಡಬ್ಯಾಡ. ಹುಟ್ಟು ನನ್ನ ಕೈಯಾಗ ಐತಿ, ನಾ ನೋಡ್ಕೋತೀನಿ" ಎಂದೆ.

"ಹೂಂ" ಎಂದು ಸೀರೆ ಎತ್ತಿ ಸಿಕ್ಕಿಸಿಕೊಂಡು, ಲೈಫ್ ಜಾಕೆಟ್ ತೊಟ್ಟು ಕೂತಳು.

ನಾನು ಸೀಟಿ ಊದಿದೆ. ಹನ್ನೊಂದು ಕಯಾಕುಗಳು ನೀರಿಗಿಳಿದವು. ಇಳಿದವು, ಮತ್ತು ನಿಂತಲ್ಲಿಯೇ ತಿರುಗತೊಡಗಿದವು. ಯಾರು ಎಷ್ಟು ಹುಟ್ಟು ಹಾಕಿದರೆ ಅಷ್ಟು ಸುತ್ತು. ಮೂರು ಕಯಾಕು ಮೂತಿಗೆ ಮೂತಿ ಸಿಕ್ಕಿಸಿಕೊಂಡವು. ವಾಂಖೇಡೆ ತನ್ನ ಅತ್ತೆಯ ಬೆನ್ನಿಗೆ ಹುಟ್ಟಿನಿಂದ ಹೊಡೆದು, ಕ್ಷಮೆ ಕೇಳಲು ಮುಂದೆ ಬಾಗಿ ಇನ್ನೊಮ್ಮೆ ಹೊಡೆದ. ಎಲ್ಲರೂ ನಮೂನೆಗಾಗಿ ನನ್ನ ಕಡೆ ನೋಡಿದರು. ನಾನು ಏನು ಮಾಡಿದರೆ ಅದನ್ನೇ ಮಾಡಲು ಸಿದ್ಧರಾಗಿದ್ದರು. ನಾನು ಕಣ್ಣುಮುಚ್ಚಿ ಬಲಗಡೆಗೇ ಜೋರಾಗಿ ಹುಟ್ಟು ಹಾಕುತ್ತಿದ್ದೆ. ಉಳಿದವರೂ ಬಲಗಡೆಗೇ ಹಾಕಿದರು. ಗಾಳಿ ನಮ್ಮಿಬ್ಬರನ್ನು ಮಾತ್ರ ಹುಡುಕಿ ತೆಗೆದು ನಡುನೀರಿಗೆ ಎಳೆದೊಯ್ಯಿತು. ದಂಡೆ ಸಣ್ಣದಾಯಿತು, ಚಪ್ಪಲಿಗಳು ಚುಕ್ಕೆಗಳಾದವು. ಕಯಾಕು ಒಮ್ಮೆ ಎಡಕ್ಕೆ ವಾಲಿತು, ಒಮ್ಮೆ ಬಲಕ್ಕೆ ವಾಲಿತು. ನನ್ನ ಕಥೆ ಮುಗಿಯಿತು ಅನ್ನಿಸಿತು. ಸಾಯುವ ಹೊತ್ತಿನಲ್ಲಿ ಸತ್ಯ ಹೇಳಬೇಕು ಎನ್ನುತ್ತಾರೆ.

"ಸುಮಿತ್ರಾ," ಎಂದೆ, "ನನಗ ಸೈಕಲ್ ಬರೂದಿಲ್ಲ."

"ಗೊತ್ತೈತಿ," ಎಂದಳು ಹಿಂದಿರುಗಿ ನೋಡದೆ. "ಹುಟ್ಟು ಇತ್ತ ಕೊಡ್ರಿ."

ಕೊಟ್ಟೆ. ಅವಳು ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ, ನೀರಿಗೆ ನೋವಾಗದ ಹಾಗೆ ಹುಟ್ಟು ಇಳಿಸಿದಳು. ಕಯಾಕು ತಿರುಗುವುದನ್ನು ನಿಲ್ಲಿಸಿ, ಮೂತಿ ದಂಡೆಗೆ ಹಚ್ಚಿ ಸೀದಾ ಹೊರಟಿತು. ಮುಳುಗುವುದಿಲ್ಲ ಎಂದು ಖಾತ್ರಿಯಾದ ಮೇಲೆ ನನ್ನ ಗುಟ್ಟಿನ ನೆನಪಾಯಿತು.

"ಗೊತ್ತೈತಿ ಅಂದ್ಯಲ್ಲ, ಹೆಂಗ?"

"ನೋಡಾಕ ಬಂದಾಗನ ಅನುಮಾನ ಇತ್ತು. ನಾಕು ಆಯ್ತವಾರ ಪ್ಯಾಂಟು ತೊಳದ ಮ್ಯಾಲೆ ಖಾತ್ರಿ ಆತು. ಸೈಕಲ್ ಹೊಡಿಯೋರ ಬಲಗಾಲಿಗೆ ಚೈನಿನ ಎಣ್ಣಿ ಹತ್ತತೈತಿ. ನಿಮಗ ಬರೇ ಎಡಗಾಲಿಗೆ ಹತ್ತಿತ್ತು. ಬಲಗಡೆ ನಿಂತು ತಳ್ಳೋರಿಗಷ್ಟ ಹಂಗ ಹತ್ತೂದು. ತಳ್ಳಾಕೂ ಬರೂದಿಲ್ಲ ನಿಮಗ."

"ನಿನಗ ಸೈಕಲ್ ವಿಚಾರ ಹೆಂಗ ಗೊತ್ತು?"

"ನಾ ಹೊಡೀತಿದ್ದೆ. ಅಪ್ಪಂದು, ದೊಡ್ಡ ಸೈಕಲ್ಲು."

"ಮತ್ತ ಈ ದೋಣಿ?"

"ನಮ್ಮೂರು ಎಲ್ಲೈತಿ?"

ಅವಳ ತವರು ರಾಣೆಬೆನ್ನೂರಿನ ಆಚೆ, ತುಂಗಭದ್ರೆಯ ದಂಡೆಯ ಮೇಲಿದೆ. ಹದಿನೇಳು ವರ್ಷದಿಂದ ಅಳಿಯನಾಗಿ ಹೋಗಿಬಂದಿದ್ದೇನೆ, ಹೋಳಿಗೆ ತಿಂದಿದ್ದೇನೆ, ಹೊಳೆ ಕಡೆ ತಿರುಗಿಯೂ ನೋಡಿರಲಿಲ್ಲ. ಶಾಲೆ ಆಚೆ ದಂಡೆಗಿತ್ತಂತೆ. ಐದು ವರ್ಷ ದಿನಾ ಹರಿಗೋಲಿನಲ್ಲಿ ಹೊಳೆ ದಾಟಿ ಹೋಗಿ ಬಂದವಳು. ಅಂಬಿಗ ಬರದ ದಿನ ಹುಟ್ಟು ಇವಳದೇ. "ಹರಿಗೋಲು ಗಿರಗಿರ ತಿರಗತೈತಿ, ಅದನ್ನ ಹಿಡಿಯೂದು ಕಠಿಣ. ಇದು ಉದ್ದ ಐತಿ, ಇದೇನು ಸಸಾರ" ಎಂದಳು.

"ಇಷ್ಟೆಲ್ಲ ಬರತೈತಿ, ಒಂದು ಮಾತರ ಹೇಳಬಾರದೇನ?" ಎಂದೆ.

ಅವಳು ಹುಟ್ಟು ಹಾಕುವುದನ್ನು ನಿಲ್ಲಿಸಿದಳು. "ನೀವು ಕೇಳಿದ್ರಿ ಏನು? ನಿಲ್ ಅಂತ ಬರದ್ರಿ, ಸಹಿ ಮಾಡು ಅಂದ್ರಿ. ಮಾಡಿದೆ."

ಕಯಾಕಿನಲ್ಲಿ ತಲೆ ತಗ್ಗಿಸಿ ಕೂರಲು ಬಹಳ ಅನುಕೂಲವಿದೆ ಎಂದು ಆಗ ತಿಳಿಯಿತು. ನಿಜವಾಗಿಯೂ ನಾಚಿಕೆಯಾಯಿತು. ಊರಿನವರ ಅರ್ಜಿಗಳಲ್ಲಿ ಒಂದು ಕಾಲಂ ಬಿಡದೆ ಕೇಳಿ ಕೇಳಿ ತುಂಬಿಸಿದವನು ಮನೆಯ ಒಂದೇ ಒಂದು ಅರ್ಜಿಯನ್ನು ಕೇಳದೆ ತುಂಬಿದ್ದೆ.

ದಂಡೆ ಮುಟ್ಟುವ ಮೊದಲು ಸುಮಿತ್ರಾ ಸಿಕ್ಕಿಬಿದ್ದಿದ್ದ ಕಯಾಕುಗಳನ್ನು ಒಂದೊಂದಾಗಿ ಬಿಡಿಸಿ, ಎಡಕ್ಕೊಮ್ಮೆ ಬಲಕ್ಕೊಮ್ಮೆ ಹಾಕುವುದನ್ನು ತೋರಿಸಿಕೊಟ್ಟಳು. ಆ ಮಧ್ಯಾಹ್ನವೆಲ್ಲ ಅವಳ ಕಯಾಕು ಮುಂದೆ, ಹತ್ತು ಕಯಾಕು ಹಿಂದೆ. ವಿದ್ಯಾ ಕುಣಿದಾಡಿಬಿಟ್ಟಳು, ಸಿಕ್ಕಸಿಕ್ಕವರಿಗೆಲ್ಲ "ಮಾಝೀ ಆಯೀ," ನನ್ನ ತಾಯಿ, ಎಂದು ಬೆರಳು ಮಾಡಿ ತೋರಿಸುತ್ತಿದ್ದಳು. ಗುರುಂಗ್ ನನ್ನ ಬಳಿ ಬಂದು, "ಇವರ ಫಾರಮ್ಮಿನಲ್ಲಿ ಮಾತ್ರ ನಿಲ್ ಇತ್ತಲ್ಲ, ಸಾಹೇಬ್?" ಎಂದು ಕೇಳಿದ. ವಾಂಖೇಡೆ ನಡುವೆ ಬಾಯಿಹಾಕಿ, "ಕ್ಯಾಪ್ಟನ್ ಸಾಹೇಬರೇ ಕಲಿಸಿರಬೇಕು, ಉಣಕಲ್ ಕೆರೆಯಲ್ಲಿ" ಎಂದ. ಅಲ್ಲ ಎನ್ನಬೇಕಾಗಿತ್ತು. ನಾನು ವಿನಯದಿಂದ ನಕ್ಕೆ. ಸತ್ಯ ಹೇಳುವ ಅಭ್ಯಾಸ ಒಂದೇ ದಿನಕ್ಕೆ ಬರುವುದಿಲ್ಲ. ಸುಮಿತ್ರಾ ಚಪ್ಪಲಿ ಮೆಟ್ಟಿಕೊಳ್ಳುತ್ತ ನನ್ನನ್ನು ನೋಡಿದಳು, ಸೀಟಿಗೆ ಕೈಚಾಚಿದಳು. ನಾನು ಕೊರಳಿನಿಂದ ತೆಗೆದು ಕೊಟ್ಟೆ.

ಮರುವರ್ಷ ಅದೇ ಕ್ಲಬ್ಬಿನ ಅದೇ ಫಾರಂ ಮತ್ತೆ ಬಂತು. ಈ ಸಲ ಪೆನ್ನು ಸುಮಿತ್ರಾಳ ಕೈಯಲ್ಲಿತ್ತು. ತನ್ನದನ್ನು ತುಂಬಿಕೊಂಡು ನನ್ನದನ್ನು ಎಳೆದುಕೊಂಡಳು. ನಾನು ತುಂಬಿದ ಹಾಗೆ ತುಂಬಲಿಲ್ಲ, ಒಂದೊಂದನ್ನೂ ಕೇಳಿದಳು. "ಗುಡ್ಡ?" ಬರುತ್ತದೆ ಎಂದೆ. "ದೋಣಿ?" ಮುಂದೆ ನೀನು ಕೂತರೆ ಬರುತ್ತದೆ ಎಂದೆ. ಹಾಗೆಯೇ ಬರೆದಳು. "ಸೈಕಲ್?"

"ಬರೂದಿಲ್ಲ. ನಿಲ್ ಅಂತ ಬರಿ" ಎಂದೆ. ಮನಸ್ಸು ಎಷ್ಟು ಹಗುರಾಯಿತೆಂದರೆ ಹೊಟ್ಟೆಯುರಿ ಕೂಡ ತಟ್ಟನೆ ನಿಂತಂತಾಯಿತು.

"ನಿಲ್ ಯಾಕ? ಖಾಲಿ ಇರಲಿ. ಕಲಿತ ಮ್ಯಾಲೆ ತುಂಬೂಣು" ಎಂದು ಅವಳು ಆ ಕಾಲಮ್ಮನ್ನು ಹಾಗೆಯೇ ಬಿಟ್ಟಳು. ಅಷ್ಟು ಒಳ್ಳೆಯ ಮಾತನ್ನು ನನಗೆ ಯಾರೂ ಹೇಳಿರಲಿಲ್ಲ. ಜೀವನದಲ್ಲಿ ಮೊದಲ ಬಾರಿಗೆ ಖಾಲಿ ಕಾಲಂ ಇದ್ದ ಅರ್ಜಿಗೆ ಸಹಿ ಹಾಕಿ, ಎದೆಯುಬ್ಬಿಸಿಕೊಂಡು ಹೋಗಿ ವಾಂಖೇಡೆಯ ಮೇಜಿನ ಮೇಲಿಟ್ಟು ಬಂದೆ.

ಮಧ್ಯಾಹ್ನದ ಚಹದ ಹೊತ್ತಿಗೆ ಅದು ನನ್ನ ಮೇಜಿಗೆ ವಾಪಸು ಬಂದಿತ್ತು. ಕೆಂಪು ಶಾಯಿಯಲ್ಲಿ, ನನ್ನದೇ ಅಕ್ಷರದ ಓರೆಯನ್ನು ಅನುಕರಿಸಿ ಬರೆದಿತ್ತು: 'ಕಾಲಂ ಅಪೂರ್ಣ. ತುಂಬಿ ಮತ್ತೆ ಸಲ್ಲಿಸುವುದು.' ಪಕ್ಕದ ವಿಭಾಗದಿಂದ ವಾಂಖೇಡೆ ನನ್ನನ್ನೇ ನೋಡುತ್ತಿದ್ದ. ಅರಿಶಿನದ ಕೈಯಲ್ಲಿ ಓಡಿಬಂದ ದಿನವನ್ನು ಅವನು ಮರೆತಿರಲಿಲ್ಲ. ಸಲ್ಲಿಸಲು ಇನ್ನು ಹತ್ತು ದಿನವಿದೆ. ಆದ್ದರಿಂದ ದಿನಾ ಬೆಳಿಗ್ಗೆ ನಮ್ಮ ಕ್ವಾರ್ಟರ್ಸಿನ ಹಿಂದಿನ ಮೈದಾನದಲ್ಲಿ ನಲವತ್ತಾರು ವರ್ಷದವನೊಬ್ಬ ಸೈಕಲ್ಲಿನ ಮೇಲೆ ವಾಲಾಡುತ್ತ, ಹಿಂದೆ ಅವನ ಹೆಂಡತಿ ಸೀಟು ಹಿಡಿದು ಸೀಟಿ ಊದುತ್ತ ಓಡುವುದನ್ನು ನೀವು ನೋಡಬಹುದು. ನಿನ್ನೆ ಪ್ಯಾಂಟು ತೊಳೆಯುವಾಗ ಅವಳು ನನ್ನನ್ನು ಬಚ್ಚಲಿಗೆ ಕರೆದು ತೋರಿಸಿದಳು. ಬಲಗಾಲಿನ ಮೇಲೆ ಒಂದು ಸಣ್ಣ ಎಣ್ಣೆಯ ಕಲೆ ಬಿದ್ದಿತ್ತು. ಅದನ್ನು ತೊಳೆಯಬೇಡ ಎಂದು ಹೇಳಿದೆ.